ಯಾವ ಮಗನಿಗೆ ಯಾವ ಮಾತು

ಖಾನಾಪುರ
೨೧ ಜನವರಿ ೨೦೦೧

ಪ್ರೀತಿಯ ಪ್ರಾಚಿ,

ಎರಡು ವರ್ಷದಿಂದ ನಾನೂ ಬರೆದಿಲ್ಲ, ನೀನೂ ಬರೆದಿಲ್ಲ. ಮೊದಲು ಯಾರು ನಿಲ್ಲಿಸಿದರು ಎಂಬ ವಿಚಾರಣೆ ಬೇಡ. ನೀನು ಕಲಿಸುವ ಕಾಲೇಜಿನ ವಿಳಾಸಕ್ಕೆ ಇದನ್ನು ಹಾಕುತ್ತಿದ್ದೇನೆ. ಮನೆಗೆ ಫೋನ್ ಮಾಡೋಣವೆಂದರೆ ಅದು ನಿಮ್ಮ ಅಪ್ಪನ ಕುರ್ಚಿಯ ಪಕ್ಕದಲ್ಲೇ ಇರುವುದು ನೆನಪಿದೆ.

ನಾನೀಗ ಖಾನಾಪುರದ ಕನ್ನಡ ಶಾಲೆಯಲ್ಲಿ ಟೀಚರ್. ಪೀರನವಾಡಿಯಿಂದ ದಿನಾ ಬಸ್ಸಿನಲ್ಲಿ ಜೋತಾಡಿ ಸಾಕಾಗಿ ಇಲ್ಲೇ ಒಂದು ಖೋಲಿ ಹಿಡಿದಿದ್ದೇನೆ. ಅಪ್ಪ ಇನ್ನೂ ಉದ್ಯಮಬಾಗದ ಫೌಂಡ್ರಿಗೆ ಹೋಗುತ್ತಿದ್ದಾನೆ. ಅವ್ವ ವಾರಕ್ಕೊಮ್ಮೆ ಪರಿಚಯದ ಕಂಡಕ್ಟರನ ಕೈಯಲ್ಲಿ ರೊಟ್ಟಿ ಗಂಟು ಕಳಿಸುತ್ತಾಳೆ. ಹೊಟ್ಟೆಗೂ ಮನಸ್ಸಿಗೂ ಕೊರತೆಯಿಲ್ಲ.

ವಿಷಯ ಇದು. ಮುಂದಿನ ತಿಂಗಳು ಜನಗಣತಿ. ನಮ್ಮ ಶಾಲೆಯವರಿಗೆಲ್ಲ ಆ ಕೆಲಸ ಬಿದ್ದಿದೆ. ನನಗೆ ಕೊಟ್ಟ ಓಣಿಯ ಮನೆಗಳನ್ನು ನೋಡುತ್ತಾ ಹೋದಾಗ ಕಿರಾಣಿ ಅಂಗಡಿಯ ಜಿನಪಾಲ ಅವರ ಹೆಸರು ಬಂತು. ನಿನ್ನ ದೊಡ್ಡಪ್ಪ ತಾನೇ? ಅಂದರೆ ಸುಂದರಾಬಾಯಿ ಅಜ್ಜಿಯೂ ಅಲ್ಲೇ ಇದ್ದಾರೆ. ಆ ಮನೆಗೂ ನಿಮ್ಮ ಮನೆಗೂ ಹೋಗಿಬರುವುದಿಲ್ಲ ಎಂದು ಕಾಲೇಜಿನಲ್ಲಿ ಓದುವಾಗ ನೀನೇ ಹೇಳಿದ್ದೆ. ಕಾರಣ ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಆ ಕಟ್ಟೆ ಹತ್ತುವ ಮುಂಚೆ ನಾನು ತಿಳಿದಿರಬೇಕಾದ್ದು ಏನಾದರೂ ಇದೆಯೇ?

ನಿನ್ನ
ಪ್ರಮಿಳಾ


ಬೆಳಗಾವಿ
೨೮ ಜನವರಿ ೨೦೦೧

ಪ್ರಮಿಳಾ,

ನಿನ್ನ ಅಕ್ಷರ ಕಂಡ ಕೂಡಲೇ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕೆ. ಚಹಾ ಕುಡಿಯುತ್ತಿದ್ದವರೆಲ್ಲ ತಿರುಗಿ ನೋಡಿದರು.

ಇದೆ. ಆರು ವರ್ಷದ ಹಿಂದೆ ದೊಡ್ಡಪ್ಪನ ಮಗಳ ಮದುವೆ. ಲಗ್ನಪತ್ರಿಕೆಯನ್ನು ಬರೀ ಮರಾಠಿಯಲ್ಲಿ ಅಚ್ಚು ಹಾಕಿಸಿದ್ದರು. ಅಪ್ಪ ಬೆಳಗಾವಿಯ ಕನ್ನಡ ಸಂಘದಲ್ಲಿ ಓಡಾಡುವ ಮನುಷ್ಯ, ಗೊತ್ತಲ್ಲ. ಪತ್ರಿಕೆ ಕೈಗೆ ಬಂದ ದಿನವೇ ಖಾನಾಪುರಕ್ಕೆ ಹೋಗಿ, "ನಮ್ಮ ಮನಿ ಮಾತು ಕನ್ನಡ. ಓಣಿ ಮಂದೀನ ಖುಷಿ ಮಾಡಾಕ ಅವ್ವನ ಮಾತ ಬಿಟ್ಟಿ ನೀ" ಅಂದ. ತಾಯಿಯನ್ನು ಆಯಿ ಎಂದು ಕರೆಯುವ ದೊಡ್ಡಪ್ಪ, "ಆಯೀ ಮಾತು ಮರಾಠಿ. ಬಿಟ್ಟಾಂವ ನೀನ" ಅಂದ. ಮುಂದಿನ ಮಾತು ಇಬ್ಬರಿಗೂ ಶೋಭೆ ತರುವಂಥದ್ದಲ್ಲ. ಅಪ್ಪ ಮದುವೆಗೆ ಹೋಗಲಿಲ್ಲ, ನಮ್ಮನ್ನೂ ಕಳಿಸಲಿಲ್ಲ. ಅವತ್ತಿನಿಂದ ಆ ಮನೆಯ ಹೊಸ್ತಿಲು ತುಳಿದಿಲ್ಲ. ಅಜ್ಜಿಯನ್ನು ನೋಡಬೇಕಾದರೆ ಇಲ್ಲೇ ಶಹಾಪುರದ ಸಂಬಂಧಿಕರ ಮನೆಗೆ ಅವಳನ್ನು ಯಾರಾದರೂ ಕರೆತರಬೇಕು. ಹೋದ ವರ್ಷದ ಪರ್ಯೂಷಣ ಹಬ್ಬದಲ್ಲಿ ನೋಡಿದ್ದು, ಅಷ್ಟೇ.

ನಗಬೇಡ, ಈಗ ನಮ್ಮ ಹೊರಗಿನ ಖೋಲಿಯ ತುಂಬ ಕರಪತ್ರದ ಕಟ್ಟುಗಳಿವೆ. "ಗಣತಿಯವರು ಬಂದಾಗ ಮಾತೃಭಾಷೆ ಕನ್ನಡ ಎಂದೇ ಬರೆಸಿರಿ." ಹಂಚುವುದು ಅಪ್ಪನ ಹೊಣೆ. ಆ ಕಡೆಯವರೂ ಮರಾಠಿಯಲ್ಲಿ ಇಂಥದ್ದೇ ಹಂಚುತ್ತಿದ್ದಾರೆ. ಒಂದೇ ಪ್ರೆಸ್ಸಿನಲ್ಲಿ ಅಚ್ಚಾಗಿದ್ದರೂ ಆಶ್ಚರ್ಯವಿಲ್ಲ.

ನನ್ನ ಪರಿಚಯ ಇದೆ ಎಂದು ನೀನಾಗಿ ಹೇಳಬೇಡ, ದೊಡ್ಡಪ್ಪ ಸಂಶಯಪಟ್ಟಾನು. ಅಜ್ಜಿಯ ಕಣ್ಣು ಹೇಗಿದೆ ಎಂದು ಮಾತ್ರ ನೋಡಿ ಬರೆ.

ಪ್ರಾಚಿ


ಖಾನಾಪುರ
೧೩ ಫೆಬ್ರುವರಿ ೨೦೦೧

ಪ್ರೀತಿಯ ಪ್ರಾಚಿ,

ಶುಕ್ರವಾರದಿಂದ ಎಣಿಸುತ್ತಿದ್ದೇನೆ. ಬೆಳಿಗ್ಗೆ ಶಾಲೆ, ಆಮೇಲೆ ಓಣಿ. ಚಪ್ಪಲಿಯ ಉಂಗುಟ ಕಿತ್ತು ಹೋಯಿತು. ಆದರೂ ಇಷ್ಟು ಚಂದದ ಕೆಲಸ ನನಗೆ ಹಿಂದೆ ಯಾವತ್ತೂ ಸಿಕ್ಕಿರಲಿಲ್ಲ. ಪ್ರತಿ ಮನೆಯಲ್ಲೂ ಕುಂದರ್ರಿ ಅನ್ನುತ್ತಾರೆ, ನೀರು ಕೊಡುತ್ತಾರೆ, ಆಮೇಲೆ ಪ್ರಶ್ನೆಗೆ ಮಾತ್ರ ಉತ್ತರ ಕೊಡುವುದಿಲ್ಲ.

ಓಣಿಯ ತುದಿಯಲ್ಲಿ ಭರಮವ್ವ ಎಂಬಾಕೆ ಇದ್ದಾಳೆ. ವಯಸ್ಸು ಕೇಳಿದೆ.

"ಐವತ್ತ ಬರಕೊಳ್ರಿ."

"ಹೋದ ವರ್ಷ ಎಷ್ಟಿತ್ರಿ?"

"ಹೋದ ವರ್ಷಾನೂ ಐವತ್ತ."

ಹಿರಿಯ ಮಗ ಯಾವಾಗ ಹುಟ್ಟಿದ ಎಂದರೆ, ಅವರ ಎಮ್ಮೆಯನ್ನು ಹುಲಿ ಹಿಡಿದ ವರ್ಷ. ಹುಲಿ ಹಿಡಿದದ್ದು ಯಾವಾಗ ಎಂದರೆ, ಮಗ ಹುಟ್ಟಿದ ವರ್ಷ. ಕೊನೆಗೆ ನೆರೆಮನೆಯವರನ್ನೆಲ್ಲ ಕೂಡಿಸಿ ಒಂದು ಅಂದಾಜಿಗೆ ಬಂದೆವು. ಕೆಲಸ ಏನು ಎಂದೆ. "ನನ್ನದೇನ ಕೆಲಸರೀ, ಮನ್ಯಾಗ ಕುಂತಿರತೀನಿ" ಎಂದಳು. ತಲೆಯ ಮೇಲಿನ ಮೇವಿನ ಹೊರೆಯನ್ನು ಆಗಷ್ಟೇ ಇಳಿಸಿದ್ದಳು! ಕೆದಕಿ ಕೇಳಿದ ಮೇಲೆ ಎಮ್ಮೆ, ಮನೆಮನೆಗೆ ಹಾಕುವ ಹಾಲಿನ ವರ್ತನೆ, ಗದ್ದೆಯ ಕೊಯ್ಲು ಎಲ್ಲ ಒಂದೊಂದಾಗಿ ಹೊರಬಂದವು. ಕೇಳದೇ ಬರೆದಿದ್ದರೆ ಆಕೆ ದೇಶದ ಕಣ್ಣಿಗೆ ಏನೂ ಮಾಡದ ಹೆಂಗಸಾಗಿ ಉಳಿಯುತ್ತಿದ್ದಳು.

ಈಗ ನಿನ್ನ ದೊಡ್ಡಪ್ಪನ ಮನೆ. ಭಾನುವಾರ ಹೋಗಿದ್ದೆ. ಅವರು ಅಂಗಡಿಯ ಗಲ್ಲಾದಿಂದ ಏಳಲೂ ಇಲ್ಲ.

"ನೀವು ಕನ್ನಡ ಸಾಲಿ ಅಕ್ಕೋರು ಹೌದಲ್ಲ? ನಾವು ಏನ್ ಹೇಳಿದ್ರೂ ನೀವು ಬರಿಯೂದು ಕನ್ನಡಾನ. ಮತ್ತ ನಮ್ಮನ್ಯಾಕ ಕೇಳತೀರಿ? ಹೋಗಿಬರ್ರಿ."

ಒಳಗಿನ ಬಾಗಿಲಲ್ಲಿ ಅಜ್ಜಿಯ ಸೆರಗು ಕಂಡಿತು, ಮುಖ ಕಾಣಲಿಲ್ಲ.

ನನ್ನ ಮೇಲ್ವಿಚಾರಕರು ಬೇರೆ ಶಾಲೆಯ ಹೆಡ್‌ಮಾಸ್ತರು. ಅವರಿಗೆ ಹೇಳಿದರೆ, "ಒಂದು ಮನಿ ಸಲುವಾಗಿ ಎಷ್ಟ ಸಲ ಅಡ್ಡಾಡತೀರಿ? ಬಾಜು ಮನಿಯವರನ್ನ ಕೇಳಿ ತುಂಬ್ರಿ. ಭಾಷಾ ಕನ್ನಡ ಅಂತ ಹಾಕಿ ಮುಗಸ್ರಿ" ಎಂದರು. ನಾನು ಮುಗಿಸಿಲ್ಲ. ನನಗೆ ಕನ್ನಡದ ಮೇಲೆ ಪ್ರೀತಿ ಇಲ್ಲವೆಂದಲ್ಲ. ಹಾಗೆ ಹಾಕಿದರೆ ಜಿನಪಾಲ ಅವರು ನನ್ನ ಬಗ್ಗೆ ಆಡಿದ ಮಾತು ನಿಜವಾಗಿಬಿಡುತ್ತದೆ.

ಮತ್ತೆ ಹೋಗುತ್ತೇನೆ.

ಪ್ರಮಿಳಾ


ಬೆಳಗಾವಿ
೧೭ ಫೆಬ್ರುವರಿ ೨೦೦೧

ಪ್ರಮಿಳಾ,

ಹಾಕಬೇಡ. ಖಂಡಿತ ಹಾಕಬೇಡ.

ನಿನ್ನ ಭರಮವ್ವನನ್ನು ನಾನು ಅರ್ಥಶಾಸ್ತ್ರದ ಕ್ಲಾಸಿಗೆ ಕರೆದುಕೊಂಡು ಹೋದೆ, ಹೆಸರು ಬಿಟ್ಟು. ಹಳೆಯ ಗಣತಿಯ ವಯಸ್ಸಿನ ಪಟ್ಟಿಯನ್ನು ಬೋರ್ಡಿನ ಮೇಲೆ ಬರೆದು, ನಲವತ್ತು ಐವತ್ತು ಅರವತ್ತರ ಹತ್ತಿರ ಮಾತ್ರ ಜನ ಯಾಕೆ ಹೀಗೆ ಗುಂಪುಗಟ್ಟಿ ನಿಂತಿದ್ದಾರೆ ಎಂದು ಕೇಳಿದೆ. ಹುಡುಗರು ರೋಗ, ಯುದ್ಧ ಎಂದೆಲ್ಲ ಊಹಿಸಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ನಮ್ಮ ಅಜ್ಜೀದು ಹತ್ತ ವರ್ಷದಿಂದ ಅರವತ್ತ ಐತ್ರಿ ಮೇಡಂ" ಎಂದಳು. ಪಾಠ ಅಲ್ಲಿಗೆ ಮುಗಿಯಿತು.

ನಮ್ಮ ಮನೆಯ ಗಣತಿಯೂ ಆಯಿತು. ಬಂದವರು ಅಪ್ಪನ ಪರಿಚಯದವರೇ. ಅಪ್ಪ ಕುರ್ಚಿಯಲ್ಲಿ ಕೂತು, "ಮೂರೂ ಮಂದಿಗೆ ಕನ್ನಡ" ಎಂದ. ಅವರು ಬರೆದುಕೊಂಡರು. ಅಮ್ಮ ಚಹಾ ತಂದಿಟ್ಟು ಒಂದು ಗಳಿಗೆ ನಿಂತಳು, ಏನೋ ಹೇಳುವವಳಂತೆ. ಹೇಳದೆ ಒಳಗೆ ಹೋದಳು.

ಅಜ್ಜಿಯ ಕಣ್ಣಿನ ಬಗ್ಗೆ ನೀನು ಬರೆಯಲೇ ಇಲ್ಲ.

ಪ್ರಾಚಿ


ಖಾನಾಪುರ
೨೨ ಫೆಬ್ರುವರಿ ೨೦೦೧

ಪ್ರಾಚಿ,

ಅಜ್ಜಿಯ ಕಣ್ಣು ಚೆನ್ನಾಗಿದೆ. ಎಷ್ಟು ಚೆನ್ನಾಗಿ ಎಂದು ಈಗ ಹೇಳುತ್ತೇನೆ. ಹಾಳೆಯಲ್ಲಿ ನಾನು ಏನು ಬರೆದೆ ಎಂಬುದನ್ನು ನಿನಗೂ ಹೇಳುವ ಹಾಗಿಲ್ಲ, ಅದು ಕಾನೂನು. ಕಟ್ಟೆಯ ಮೇಲೆ ಓಣಿಗೆಲ್ಲ ಕೇಳುವಂತೆ ಆಡಿದ ಮಾತನ್ನು ಮಾತ್ರ ಬರೆಯುತ್ತೇನೆ. ಮುಟ್ಟಿಸು ಎಂದವರು ಅಜ್ಜಿಯೇ, ನಿನ್ನ ದೊಡ್ಡಪ್ಪ ಬೇಡ ಎನ್ನಲಿಲ್ಲ.

ನಿನ್ನೆ ಹೊತ್ತು ಮುಳುಗುವ ಸ್ವಲ್ಪ ಮುಂಚೆ ಹೋದೆ. ಜೈನರಾದ ನಿಮ್ಮಲ್ಲಿ ಅಷ್ಟರೊಳಗೆ ಊಟ ಮುಗಿದಿರುತ್ತದೆ ಎಂದು ಗೊತ್ತಿತ್ತು. ಉಂಡ ಮನುಷ್ಯನಿಗೆ ಸಿಟ್ಟು ತಡವಾಗಿ ಬರುತ್ತದೆ. ನಿನ್ನ ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದರು.

"ಮತ್ತ ಬಂದ್ರಿ?"

"ಬರಬೇಕಾಗತೈತ್ರಿ. ನಿಮ್ಮನ್ನ ಬಿಟ್ಟರ ಖಾನಾಪುರದಾಗ ಮೂರ ಮಂದಿ ಕಮ್ಮಿ ಆಗ್ತಾರ."

ಮೀಸೆಯೊಳಗೆ ನಕ್ಕರೋ ಏನೋ. "ಬರಕೊಳ್ರಿ ಹಂಗಾರ. ಮೂರೂ ಮಂದಿಗೆ ಮರಾಠಿ. ನನ್ನ ಕಣ್ಣ ಮುಂದ ಬರೀರಿ."

"ಬರೀತೀನ್ರಿ. ಖರೇ, ಒಂದ ಮಾತು ಹೇಳಿ ಕೇಳಬೇಕಂತ ನಮಗ ಹೇಳ್ಯಾರ. ಮಾತೃಭಾಷಾ ಅಂದ್ರ, ಸಣ್ಣವರಿದ್ದಾಗ ತಾಯಿ ನಿಮ್ಮ ಕೂಡ ಯಾವ ಭಾಷಾದಾಗ ಮಾತಾಡತಿದ್ರು, ಅದು. ಒಬ್ಬೊಬ್ಬರದು ಬ್ಯಾರೆ ಬ್ಯಾರೆ ಕೇಳಬೇಕು."

"ಮತ್ತ ನಾ ಏನ್ ಹೇಳಿದೆ? ಆಯಿ ನನ್ನ ಕೂಡ ಆಡಿದ್ದು ಮರಾಠಿ. ನನ್ನ ತಮ್ಮನ ಕೂಡಾನೂ ಅದ. ಅಂವ ಬೆಳಗಾವಿಗೆ ಹೋಗಿ ಮರತ. ಹಡದ ತಾಯಿ ಮಾತ ಮರತ ಮಗಾ ಅಂವ!"

ಕೊನೆಯ ಮಾತು ದೊಡ್ಡ ದನಿಯಲ್ಲಿ ಬಂತು. ಒಳಗಿನಿಂದ ಅಜ್ಜಿ ಹೊರಗೆ ಬಂದರು. ಕೋಲು ಇಲ್ಲ, ಗೋಡೆ ಹಿಡಿದಿರಲಿಲ್ಲ.

"ಯಾರ ಏನ್ ಮರತರೋ ಜಿನ್ನೂ?"

ಅಜ್ಜಿ ನನ್ನ ಎದುರು ಕೂತು ನನ್ನ ಮುಖ ನೋಡಿ, ಯಾವ ಊರು ಎಂದು ಕೇಳಿದರು. ಪೀರನವಾಡಿ, ಓದಿದ್ದು ಬೆಳಗಾವಿ ಎಂದೆ. "ನನ್ನ ಮೊಮ್ಮಗಳೂ ಅಲ್ಲೇ ಕಲಿತಾಳ. ಪ್ರಾಚಿ ಅಂತ. ಗೊತ್ತೇನು?" ಎಂದರು. ನಾನಾಗಿ ಹೇಳಬೇಡ ಎಂದಿದ್ದೆ ನೀನು. ಆ ಕಣ್ಣಿನ ಎದುರು ಸುಳ್ಳು ಹೇಳಲು ಆಗಲಿಲ್ಲ ಪ್ರಾಚಿ. ಗೊತ್ತು ಎಂದೆ. ದೊಡ್ಡಪ್ಪನ ಮುಖ ಕಪ್ಪಿಟ್ಟಿತು. "ಹಿಂಗನ್ರಿ ಮತ್ತ! ಅಂವ ಕಳಿಸಿದಾಕಿ" ಎಂದು ಎದ್ದು ನಿಂತರು.

ಕೂತುಕೋ ಎಂದರು ಅಜ್ಜಿ. ಮರಾಠಿಯಲ್ಲಿ. ನಿಂತವರು ಕೂತರು. ಮುಂದಿನದನ್ನು ನನಗೂ ತಿಳಿಯಲಿ ಎಂದು ಕನ್ನಡದಲ್ಲೇ ಹೇಳಿದರು.

"ನೀ ಹುಟ್ಟಿದಾಗ ನನಗ ಹದಿನೇಳು. ಕೊಲ್ಹಾಪುರದ ಕಡಿಯಿಂದ ಬಂದಾಕಿ, ಕನ್ನಡದ್ದು ಒಂದ ಅಕ್ಷರ ತಿಳೀತಿರಲಿಲ್ಲ. ನಿನ್ನ ಅಜ್ಜಿ, ಅಂದ್ರ ನಮ್ಮ ಅತ್ತಿ, ಹಲಸಿ ಊರಾಕಿ, ಆಕೀಗಿ ಮರಾಠಿ ತಿಳೀತಿರಲಿಲ್ಲ. ಉಪ್ಪು ಕೇಳಿದ್ರ ನಾ ಹುಣಸಿಹಣ್ಣ ಕೊಡಾಕಿ. ಇಡೀ ಮನ್ಯಾಗ ನನ್ನ ಮಾತ ಕೇಳಾಂವ ನೀ ಒಬ್ಬನ. ತೊಡಿ ಮ್ಯಾಲ ಹಾಕ್ಕೊಂಡು ತವರಮನಿ ಮಾತೆಲ್ಲಾ ನಿನ್ನ ಕೂಡ ಆಡಿ ಹಗರಾದೆ."

"ಅದನ್ನ ನಾ ಹೇಳಾಕತ್ತೀನಿ, ಆಯಿ."

"ಪೂರಾ ಕೇಳು. ನಿನ್ನ ತಮ್ಮ ಧರಣೇಂದ್ರ ಹುಟ್ಟಿದ್ದು ಒಂಬತ್ತ ವರ್ಷದ ಮ್ಯಾಲ. ಅಷ್ಟೊತ್ತಿಗೆ ನಾ ಈ ಮನಿಯಾಕಿ ಆಗಿದ್ದೆ. ನಿನ್ನ ಅಜ್ಜಿ ಹಾಸಿಗಿ ಹಿಡದಿದ್ಲು. ಬಗಲಾಗ ಕೂಸು, ಕೈಯಾಗ ಆಕೀ ಗಂಜಿ. ದಿನಾ ಆಕೀ ಕೂಡ ಆಡೂ ಮಾತನ್ನ ಕೂಸಿನ ಕೂಡಾನೂ ಆಡಿದೆ. ಅವಂಗ ಜೋಗುಳಾ ಹಾಡಿದ್ದ ಕನ್ನಡದಾಗ, ಆಕಿ ಮಲಗಿದಲ್ಲಿಂದ ಹೇಳಿಕೊಡಾಕಿ, ನಾ ಹಾಡಾಕಿ. ನೀ ಆಗ ಸಾಲಿಗಿ ಹೋಗತಿದ್ದಿ, ನಿನಗ ಹ್ಯಾಂಗ ಗೊತ್ತಾಗಬೇಕು? ನೀ ನನಗ ಆಯಿ ಅಂತೀ, ಅಂವ ಅವ್ವಾ ಅಂತಾನ. ಯಾಕಂತ ಒಂದಿನರ ಕೇಳೀಯೇನು?"

ಎದುರುಮನೆಯವರು ಕಿಟಕಿಯಲ್ಲಿ ನಿಂತಿದ್ದರು. ದೊಡ್ಡಪ್ಪ ಅವರತ್ತ ಒಮ್ಮೆ ಕಣ್ಣುಹಾಯಿಸಿದರು. ಆಮೇಲೆ, "ಇದನ್ನ ಆರ ವರ್ಷದ ಹಿಂದ ಯಾಕ ಹೇಳಲಿಲ್ಲ?" ಎಂದರು.

"ನೀವಿಬ್ಬರೂ ಒದರಾಡಿದ್ರಿ. ನನ್ನನ್ನ ಯಾರ ಕೇಳಿದ್ರಿ? ಈ ಹುಡುಗಿ ಬಂದು ಕೇಳಿತು, ಹೇಳಿದೆ."

ನಾನು ತಲೆ ತಗ್ಗಿಸಿ ಬರೆಯುತ್ತಾ ಹೋದೆ. ಗೊತ್ತಿರುವ ಬೇರೆ ಭಾಷೆ ಯಾವುದು ಎಂಬ ಪ್ರಶ್ನೆ ಬಂತು. ಕೇಳಲೋ ಬೇಡವೋ ಎಂದು ಅನುಮಾನಿಸುತ್ತ ಕೇಳಿದೆ. ನಿನ್ನ ದೊಡ್ಡಪ್ಪ ನನ್ನನ್ನು ದಿಟ್ಟಿಸಿ, "ಅದನ್ನೇನ ಕೇಳತೀರಿ ಅಕ್ಕೋರ, ಇಷ್ಟೊತ್ತನಕ ನಿಮ್ಮ ಕೂಡ ಯಾತರಾಗ ಮಾತಾಡಾಕತ್ತೀನಿ?" ಎಂದರು. ಅಜ್ಜಿ ನಕ್ಕುಬಿಟ್ಟರು. ಕಿಟಕಿಯವರೂ ನಕ್ಕರು.

ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದು, "ಇದನ್ನ ಧರಣೇಂದ್ರಗ ಮುಟ್ಟಸು. ಅಣ್ಣಾ ಸುಳ್ಳ ಹೇಳಿಲ್ಲ, ತಮ್ಮನೂ ಹೇಳಿಲ್ಲ" ಎಂದರು.

ಮುಟ್ಟಿಸುವುದು ಈಗ ನಿನ್ನ ಕೆಲಸ.

ನಿನ್ನ
ಪ್ರಮಿಳಾ


ಬೆಳಗಾವಿ
೨೭ ಫೆಬ್ರುವರಿ ೨೦೦೧

ಪ್ರಮಿಳಾ,

ನಿನ್ನ ಪತ್ರವನ್ನು ಎರಡು ದಿನ ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದೆ. ಭಾನುವಾರ ಅಪ್ಪ ಬಸದಿಯಿಂದ ಬಂದು ಪೇಪರು ಬಿಡಿಸಿದಾಗ ಎದುರು ಕೂತು ಅಜ್ಜಿಯ ಮಾತಷ್ಟನ್ನೂ ಓದಿದೆ. ಅಪ್ಪ ಪೇಪರು ಕೆಳಗಿಡಲಿಲ್ಲ. ಮುಗಿದ ಮೇಲೂ ಅದರ ಹಿಂದಿನಿಂದ ದನಿ ಬರಲಿಲ್ಲ.

ಆಮೇಲೆ, "ಒಂಬತ್ತ ವರ್ಷ ಹೌದು" ಎಂದ, ಅಷ್ಟೇ. ಸ್ವಲ್ಪ ಹೊತ್ತಿಗೆ, "ಅಣ್ಣ ನನ್ನ ಕೂಡ ಮರಾಠಿ ಆಡಿದಾಗೆಲ್ಲಾ ಬೇಕಂತಲೇ ಆಡತಾನ ಅಂತ ತಿಳದಿದ್ದೆ" ಎಂದ.

ಅಡುಗೆಮನೆಯಿಂದ ಅಮ್ಮ ಹೊರಗೆ ಬಂದಳು. ನನ್ನ ಕಡೆ ಲಟ್ಟಣಿಗೆ ತೋರಿಸಿ, "ಮತ್ತ ಈಕೀದೇನ್ರಿ?" ಎಂದಳು.

"ಈಕೀದೇನು?"

"ನಾ ಮಿರಜದಾಕಿ. ಈಕಿ ಸಣ್ಣಾಕಿದ್ದಾಗ ನೀವು ಸಂಘ ಸಭಾ ಅಂತ ಅಡ್ಡಾಡತಿದ್ರಿ, ಮನ್ಯಾಗ ನಾನೂ ಈಕಿನೂ ಇಬ್ಬರ. ಯಾತರಾಗ ಮಾತಾಡೇನಿ ಅಂತ ಮಾಡೀರಿ? ಮೊನ್ನೆ ಮೂರೂ ಮಂದಿಗೆ ಕನ್ನಡ ಅಂದ್ರಿ. ನಾ ಚಹಾ ತಂದಿಟ್ಟು ಅಲ್ಲೇ ನಿಂತಿದ್ದೆ."

ಪ್ರಮಿಳಾ, ನಾನು ಯೋಚಿಸುವುದು, ಜಗಳಾಡುವುದು, ನಿನಗೆ ಬರೆಯುವುದು ಎಲ್ಲ ಕನ್ನಡದಲ್ಲಿ. ಆದರೆ ಜ್ವರ ಬಂದಾಗ ನನ್ನ ಹಣೆಯ ಮೇಲೆ ಕೈಯಿಟ್ಟು ಅಮ್ಮ ಆಡುವ ಮಾತು ಮರಾಠಿಯೇ. ಅದು ಎರಡನೆಯ ಭಾಷೆ ಎಂದು ನನಗೆ ಯಾವತ್ತೂ ಅನಿಸಿಲ್ಲ. ಭಾಷೆ ಎಂದೇ ಅನಿಸಿರಲಿಲ್ಲ, ಅಮ್ಮ ಅನಿಸಿತ್ತು.

ಅಪ್ಪ ಎದ್ದು ಕರಪತ್ರದ ಖೋಲಿಗೆ ಹೋಗಿ ಬಾಗಿಲು ಮುಂದಕ್ಕೆ ಮಾಡಿಕೊಂಡ. ಊಟಕ್ಕೆ ಬಂದಾಗ, "ಗಣತಿಯವರು ಒಂದನೇ ತಾರೀಖಿಗೆ ತಿರುಗಿ ಬರತಾರ. ನಿಮ್ಮದು ನೀವ ಹೇಳ್ರಿ" ಎಂದ. ಅಮ್ಮ ಅವನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದಳು, ಅವನು ಬೇಡ ಎನ್ನುತ್ತಿದ್ದರೂ.

ಪ್ರಾಚಿ


ಖಾನಾಪುರ
೬ ಮಾರ್ಚ್ ೨೦೦೧

ಪ್ರೀತಿಯ ಪ್ರಾಚಿ,

ನಿನ್ನೆಗೆ ಎಲ್ಲ ಮುಗಿಯಿತು. ಕೊನೆಯ ಸುತ್ತಿನಲ್ಲಿ ಮತ್ತೆ ಎಲ್ಲ ಮನೆಗೂ ಹೋಗಿ, ಹೊಸದಾಗಿ ಹುಟ್ಟಿದವರು, ತೀರಿಕೊಂಡವರು ಇದ್ದಾರೆಯೇ ಎಂದು ಕೇಳಬೇಕಿತ್ತು. ಭರಮವ್ವನ ಮನೆಯಲ್ಲಿ ಕರು ಹುಟ್ಟಿತ್ತು. ಸೇರಿಸಿಕೊಳ್ಳಿ ಎಂದು ಬಹಳ ಒತ್ತಾಯ ಮಾಡಿದಳು.

ನಿನ್ನ ದೊಡ್ಡಪ್ಪ ಅಂಗಡಿಯಿಂದಲೇ ಕೈಮಾಡಿ ಕರೆದರು. ಗಿರಾಕಿ ಹೋಗುವ ತನಕ ಕಾಯಿಸಿ, "ಆ ಸುದ್ದಿ ಮುಟ್ಟಸೀರಿ?" ಎಂದರು.

ಮುಟ್ಟಿದೆ ಎಂದೆ.

"ಏನಂದ?"

"ಸುಮ್ಮನಾದರಂತ್ರಿ."

"ಸುಮ್ಮನಾದ?" ತಕ್ಕಡಿಯನ್ನು ಒರೆಸುತ್ತಾ ತಮ್ಮಷ್ಟಕ್ಕೇ ಹೇಳಿಕೊಂಡರು. "ಸಿಟ್ಟಾದ್ರ ಒದರತಾನ. ಸುಮ್ಮನಾದ ಅಂದ್ರ ಬರತಾನ."

ಹೌದೇ? ನನಗೆ ಗೊತ್ತಿಲ್ಲ. ನೀನು ಹೇಳಬೇಕು.

ಪ್ರಮಿಳಾ


ಬೆಳಗಾವಿ
೯ ಏಪ್ರಿಲ್ ೨೦೦೧

ಪ್ರೀತಿಯ ಪ್ರಮಿಳಾ,

ತಿಂಗಳಿಡೀ ಉತ್ತರ ಬರೆಯಲಿಲ್ಲ, ಬರೆಯುವಂಥದ್ದು ಆಗಲಿ ಎಂದು ಕಾಯುತ್ತಿದ್ದೆ. ನಿನ್ನೆ ಖಾನಾಪುರಕ್ಕೆ ಬಂದಿದ್ದೆವು. ನಿನ್ನ ಖೋಲಿಗೆ ಬೀಗ ಇತ್ತು, ಭಾನುವಾರ ಪೀರನವಾಡಿಗೆ ಹೋಗಿದ್ದಿ ಎಂದು ಬಾಜು ಮನೆಯವರು ಹೇಳಿದರು. ನೀನು ಇರಬೇಕಿತ್ತು.

ಮೊದಲು ನಮ್ಮ ಮನೆಯದು. ಒಂದನೇ ತಾರೀಖಿಗೆ ಗಣತಿಯವರು ಬಂದಾಗ ಅಮ್ಮನೂ ನಾನೂ ನಮ್ಮದನ್ನು ನಾವೇ ಹೇಳಿದೆವು. ಅವರು ಗಾಬರಿಯಾಗಿ ಅಪ್ಪನ ಮುಖ ನೋಡಿದರು. "ಅವರು ಹೇಳಿದ್ದ ಖರೇ, ಬರೀರಿ" ಎಂದ ಅಪ್ಪ. ಸಂಘಕ್ಕೆ ಈಗಲೂ ಹೋಗುತ್ತಾನೆ, ಕನ್ನಡದ ಕೆಲಸ ಬಿಟ್ಟಿಲ್ಲ, ಬಿಡುವುದೂ ಬೇಡ. ಕರಪತ್ರದ ಉಳಿದ ಕಟ್ಟುಗಳು ಮಾತ್ರ ಖೋಲಿಯಲ್ಲೇ ಇವೆ. ಭಾಷೆಯ ಲೆಕ್ಕ ಹೊರಬರಲು ಇನ್ನೂ ವರ್ಷಗಳು ಬೇಕು. ಬಂದಾಗ ಎರಡೂ ಕಡೆಯವರು ಶೇಕಡಾವಾರು ಹಿಡಿದು ಕಾದಾಡುತ್ತಾರೆ. ನಾನು ಕ್ಲಾಸಿನಲ್ಲಿ ಅದನ್ನು ಹೇಗೆ ಓದಿಸಬೇಕು ಎಂದು ಈಗಿನಿಂದಲೇ ಯೋಚಿಸುತ್ತಿದ್ದೇನೆ.

ಮಹಾವೀರ ಜಯಂತಿಯ ದಿನ ಅಪ್ಪ ಇದ್ದಕ್ಕಿದ್ದಂತೆ, "ಭಾನುವಾರ ಅವ್ವನ್ನ ನೋಡಿ ಬರೂಣು" ಎಂದ. ಖಾನಾಪುರದಲ್ಲಿ ಬಸ್ಸಿಳಿದು ಮುಂದೆ ಮುಂದೆ ನಡೆದ. ಓಣಿಯ ಮೂಲೆಯಲ್ಲಿ ಒಂದು ಸಲ ನಿಂತು ಅಂಗಿಯ ತೋಳು ಸರಿ ಮಾಡಿಕೊಂಡ. ದೊಡ್ಡಪ್ಪ ಕಟ್ಟೆಯ ಮೇಲಿದ್ದ. ಏಳಲಿಲ್ಲ. ನಾವು ಹತ್ತಿರ ಬರುವ ತನಕ ನೋಡುತ್ತಲೇ ಇದ್ದು, ಬಸ್ಸಿನಲ್ಲಿ ಗರ್ದಿ ಇತ್ತೇನು ಎಂದು ಮರಾಠಿಯಲ್ಲಿ ಕೇಳಿದ.

"ಪೀರನವಾಡಿ ದಾಟೂ ತನಕ ನಿಂತ ಬಂದ್ವಿ," ಎಂದ ಅಪ್ಪ.

ದೊಡ್ಡಪ್ಪ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಆರು ವರ್ಷದ ಮೇಲೆ ಇಬ್ಬರೂ ಆಡಿದ್ದು ಇಷ್ಟೇ. ಅಮ್ಮನೂ ನಾನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅಜ್ಜಿ ಹೊರಗೆ ಬಂದು ಅಪ್ಪನ ಗದ್ದ ಹಿಡಿದು ಅತ್ತ ಇತ್ತ ತಿರುಗಿಸಿ ನೋಡಿ, ಸೊರಗಿದ್ದಾನೆ ಎಂದು ಅಮ್ಮನಿಗೆ ಬೈದಳು.

ಒಂದು ಗಳಿಗೆಯೊಳಗೆ ಜಗಳ ಶುರುವಾಯಿತು. ಹೆದರಬೇಡ, ಬೇರೆ ಜಗಳ. ಹಲಸಿಯ ಮುತ್ತಜ್ಜಿಯ ತವರುಮನೆಯಲ್ಲಿ ಬಾವಿ ಹಿತ್ತಲಲ್ಲಿತ್ತು ಎಂದು ದೊಡ್ಡಪ್ಪ, ಮುಂದಿನ ಅಂಗಳದಲ್ಲಿತ್ತು ಎಂದು ಅಪ್ಪ. ಒಬ್ಬನದು ಮರಾಠಿ, ಒಬ್ಬನದು ಕನ್ನಡ, ದನಿ ಮಾತ್ರ ಒಂದೇ. ಅಜ್ಜಿ ನನಗೆ ನೆನಪಿಲ್ಲ ಎಂದುಬಿಟ್ಟಳು. ಬೇಕೆಂದೇ ಹಾಗೆಂದಳು ಎಂದು ನನ್ನ ಅನುಮಾನ. ಆ ಇಬ್ಬರು ದೊಡ್ಡ ಮನುಷ್ಯರು ನೋಡಿಕೊಂಡೇ ಬರ್ತೀವಿ ಎಂದು ಉಂಡವರೇ ಮಧ್ಯಾಹ್ನದ ಬಿಸಿಲಲ್ಲಿ ಹಲಸಿಯ ಬಸ್ಸು ಹತ್ತಿದರು!

ದೊಡ್ಡಮ್ಮನೂ ಸೇರಿ ನಾವು ಹೆಂಗಸರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಾ ಆರು ವರ್ಷದ ಮಾತು ಆಡಿದೆವು. ಹೊತ್ತು ಇಳಿಯಿತು. ಅಡುಗೆಯಾಗಿತ್ತು. ಸೂರ್ಯ ಮುಳುಗಿದರೆ ಅವರಿಗೆ ಊಟವಿಲ್ಲ. ಅಜ್ಜಿ ಒಮ್ಮೆ ಆಕಾಶ, ಒಮ್ಮೆ ಓಣಿ ನೋಡತೊಡಗಿದಳು. ಕೊನೆಗೆ ಮೂಲೆಯಲ್ಲಿ ಇಬ್ಬರೂ ಕಾಣಿಸಿದರು. ಧೂಳಿನಲ್ಲಿ ಅರ್ಧ ನಡೆಯುತ್ತಾ ಅರ್ಧ ಓಡುತ್ತಾ ಬರುತ್ತಿದ್ದರು, ಇನ್ನೂ ವಾದಿಸುತ್ತಲೇ. ಬಾವಿಯನ್ನು ಎಂದೋ ಮುಚ್ಚಿ ಅದರ ಮೇಲೆ ಯಾರೋ ಮನೆ ಕಟ್ಟಿದ್ದಾರಂತೆ. ಹಿತ್ತಲೋ ಅಂಗಳವೋ ಇನ್ನು ಯಾರಿಗೂ ಗೊತ್ತಾಗುವಂತಿಲ್ಲ.

ಅಜ್ಜಿ ಕಟ್ಟೆಯ ಅಂಚಿಗೆ ಬಂದು ನಿಂತು, ಓಣಿಗೆಲ್ಲ ಕೇಳುವಂತೆ, ದೊಡ್ಡ ಮಗನಿಗೆ ಮರಾಠಿಯಲ್ಲಿ ಬೈದಳು. ಉಸಿರು ತೆಗೆದುಕೊಂಡು, ಸಣ್ಣ ಮಗನಿಗೆ ಕನ್ನಡದಲ್ಲಿ ಬೈದಳು. ಇಬ್ಬರೂ ತಲೆ ತಗ್ಗಿಸಿ ಕಾಲು ತೊಳೆಯಲು ಹೋದರು.

ನಿನ್ನ
ಪ್ರಾಚಿ